ಬೇರೆ ಸೀಸೆಯ ಸಾಕ್ಷಿ

ಒಳ್ಳೆಯ ಸುದ್ದಿ ತಂದವನನ್ನು ನೀವು ಎಂದಾದರೂ ಪ್ರಶ್ನಿಸಿದ್ದೀರಾ?

ಇಲ್ಲ. ಕೆಟ್ಟ ಸುದ್ದಿ ತಂದವನನ್ನು ಕಟಕಟೆಗೆ ಹತ್ತಿಸುತ್ತೀರಿ. ಇನ್ನೊಬ್ಬ ವೈದ್ಯರ ಬಳಿಗೆ ಓಡುತ್ತೀರಿ, ಇನ್ನೊಮ್ಮೆ ಪರೀಕ್ಷಿಸಿ ಎಂದು ಗೋಗರೆಯುತ್ತೀರಿ. ಆದರೆ "ಏನೂ ಇಲ್ಲ, ನಿಶ್ಚಿಂತೆಯಿಂದ ಮನೆಗೆ ಹೋಗಿ" ಎಂದವನಿಗೆ ಕೈಮುಗಿದು, ಅವನ ಮಾತು ಮುಗಿಯುವ ಮೊದಲೇ ಚೀಲವನ್ನು ಹೆಗಲಿಗೇರಿಸುತ್ತೀರಿ. ಈಜು ಕಲಿಸುವ ಆ ಹೆಂಗಸೂ ಹಾಗೆಯೇ ಮಾಡಿದ್ದಳು. ಎದೆಯ ಕ್ಯಾನ್ಸರ್ ಕಂಕುಳಿಗೆ ಹರಡಿಲ್ಲ ಎಂದು ಆಸ್ಪತ್ರೆಯ ಯಂತ್ರ ತೆಗೆದ ಚಿತ್ರ ಹೇಳಿತು. ಶಸ್ತ್ರವೈದ್ಯರು ಕಂಕುಳನ್ನು ಮುಟ್ಟದೆ ಬಿಟ್ಟರು. ರೋಗ ಅಲ್ಲೇ ಬೆಳೆಯಿತು. ಈಗ ಅವಳ ಬಲಗೈ ಹೆಗಲಿನಿಂದ ಮೇಲಕ್ಕೆ ಏಳುವುದಿಲ್ಲ. ಆ ಚಿತ್ರ ಸುಳ್ಳು ಹೇಳಿದ್ದೇಕೆ ಎಂದು ತಿಳಿಯಲು ಅವಳು ನೇಮಿಸಿಕೊಂಡ ಪತ್ತೇದಾರ, ಇದೀಗ, ಆಸ್ಪತ್ರೆಯ ಮೂರನೆಯ ಮಹಡಿಯ ಒಂದು ಮೇಜಿನ ಮೇಲೆ ಎರಡು ಪುಟ್ಟ ಸೀಸೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟ.

ಮೇಜು ಹನಿ ಡಾಕ್ಟರದು. ರೋಗವನ್ನು ಹುಡುಕುವ ಹನಿಗಳನ್ನು ಕಂಡುಹಿಡಿದವರೆಂದು ಆಸ್ಪತ್ರೆಯಲ್ಲೆಲ್ಲ ಅವರಿಗೆ ಅದೇ ಹೆಸರು.

ಒಂದು ಸೀಸೆಯನ್ನು ಡಾಕ್ಟರೇ ಶೀತಪೆಟ್ಟಿಗೆಯಿಂದ ತೆಗೆಸಿಕೊಟ್ಟಿದ್ದರು. ಅದರ ಮುಚ್ಚಳ ಇನ್ನೂ ಒಡೆದಿರಲಿಲ್ಲ. ಇನ್ನೊಂದನ್ನು ಪತ್ತೇದಾರ ಆ ಬೆಳಗ್ಗೆ, ರೋಗಿಗಳ ಚಿತ್ರ ತೆಗೆಯುವ ಚಿತ್ರಕೋಣೆಯ ಹೊರಗಿನ ಕಸದ ಡಬ್ಬಿಯಿಂದ, ಕೈಗವಸು ತೊಟ್ಟು, ಮೂಗು ಮುಚ್ಚಿಕೊಂಡು ಹೆಕ್ಕಿದ್ದ. ಬೆಳಗಿನ ರೋಗಿಗೆ ಚುಚ್ಚಿ ಉಳಿದ ದ್ರವ ಅದರ ತಳದಲ್ಲಿತ್ತು.

ಎರಡರಲ್ಲೂ ಇದ್ದದ್ದು ಒಂದೇ ಔಷಧ. ಆದರೆ ಎರಡೂ ಒಂದೇ ರೀತಿ ಕಾಣುತ್ತಿರಲಿಲ್ಲ.

ಮೊದಲನೆಯದರಲ್ಲಿ ಮಸುಕು ನೇರಳೆ ಬಣ್ಣದ ಗಷ್ಟು ತಳದಲ್ಲಿ ಕುಳಿತಿತ್ತು, ಮೇಲೆ ತಿಳಿನೀರು. ಎರಡನೆಯದರ ತಳ ಬರಿದು. ದ್ರವದ ಮೇಲ್ಮೈಯಲ್ಲಿ, ಗಾಜಿಗೆ ಅಂಟಿಕೊಂಡು, ನೊರೆಯ ಒಂದು ಬಿಳಿ ಉಂಗುರ ತೇಲುತ್ತಿತ್ತು.

ಹನಿ ಎಂದರೇನು ಎಂದು ತನಗೆ ಮತ್ತೊಮ್ಮೆ ತಿಳಿಯುವಂತೆ ಹೇಳಬೇಕೆಂದು ಪತ್ತೇದಾರ ಕೇಳಿಕೊಂಡ. ಪಾಠ ಹೇಳುವುದೆಂದರೆ ಡಾಕ್ಟರಿಗೆ ಪ್ರಾಣ. ಪ್ರತಿಯೊಂದು ಹನಿಯೂ ರಕ್ತಕಣಕ್ಕಿಂತ ಸಣ್ಣದು, ನೀರಿಗಿಂತ ಭಾರವಾದ ದ್ರವದ ಒಂದು ಚಿಕ್ಕ ಗುಂಡು. ಅದರ ಹೊಟ್ಟೆಯೊಳಗೆ ಚಿನ್ನದ ನ್ಯಾನೋಕಣಗಳು. ರಕ್ತನಾಳಕ್ಕೆ ಚುಚ್ಚಿದರೆ ಹನಿಗಳು ಹರಿದು ಹೋಗಿ ರೋಗವಿದ್ದಲ್ಲಿ ಅಂಟಿ ಕೂರುತ್ತವೆ. ಹೊರಗಿನಿಂದ ಲೇಸರ್ ಬೆಳಕನ್ನು ಮಿಂಚಿಸಿದರೆ ಚಿನ್ನ ಕಾಯುತ್ತದೆ, ಸುತ್ತಲಿನ ದ್ರವ ಕುದಿಯುತ್ತದೆ, ಹನಿ ಗುಳ್ಳೆಯಾಗಿ ಸಿಡಿಯುತ್ತದೆ. ನಮ್ಮ ಕಿವಿಗೆ ನಿಲುಕದ ಆ ಸದ್ದನ್ನು ಚರ್ಮದ ಮೇಲಿಟ್ಟ ಯಂತ್ರ ಕೇಳಿಸಿಕೊಂಡು ತೆರೆಯ ಮೇಲೆ ಚುಕ್ಕಿಯಾಗಿ ಬರೆಯುತ್ತದೆ. ಚುಕ್ಕಿ ಬಂದರೆ ರೋಗ. ಬರದಿದ್ದರೆ ನೆಮ್ಮದಿ.

ಬೆಳಕು ಬೀಳುವ ಮೊದಲೇ ಹನಿ ಸಿಡಿದುಬಿಟ್ಟರೆ ಏನಾಗುತ್ತದೆ ಎಂದು ಪತ್ತೇದಾರ ಕೇಳಿದ.

"ದೇಹದ ಬಿಸಿಗೆ ಸಿಡಿಯಲ್ಲ, ಅದಕ್ಕಂತಲೇ ಗಟ್ಟಿ ಹೊದಿಕೆ ಕೊಟ್ಟಿದೀನಿ. ಅದಕ್ಕಿಂತ ಹೆಚ್ಚು ಕಾಯಿಸಿದ್ರೆ ಮಾತ್ರ," ಎಂದರು ಡಾಕ್ಟರು. "ಸಿಡಿದ ಮೇಲೆ ಅದು ಹನಿ ಅಲ್ಲ, ಬರೀ ಗಾಳಿಗುಳ್ಳೆ. ಹನಿ ಮುಳುಗುತ್ತೆ, ಗುಳ್ಳೆ ತೇಲುತ್ತೆ. ಇದರಲ್ಲಿ ಬ್ರಹ್ಮವಿದ್ಯೆ ಏನೂ ಇಲ್ಲ."

ಹೇಳಿದ ಮೇಲೆ ಅವರ ಕಣ್ಣು ಎರಡನೆಯ ಸೀಸೆಯತ್ತ ಹೊರಳಿತು. ಕೂಡಲೇ ಕಿಟಕಿಯತ್ತ ತಿರುಗಿತು.

ಪತ್ತೇದಾರ ಅದನ್ನು ಗಮನಿಸಿದ. ತಾನು ಹೆತ್ತ ಹನಿ ಹೀಗೆ ನೊರೆಯಾಗಿರುವುದನ್ನು ಕಂಡವನು ಬೆಚ್ಚಿಬೀಳಬೇಕಿತ್ತು. ಎಲ್ಲಿ ಸಿಕ್ಕಿತು, ಯಾರು ಕೆಡಿಸಿದರು ಎಂದು ಕೂಗಾಡಬೇಕಿತ್ತು. ಡಾಕ್ಟರು ಏನನ್ನೂ ಕೇಳಲಿಲ್ಲ.

ಬದಲಿಗೆ ಅವರು ತಮ್ಮ ಗುರಾಣಿಯನ್ನು ಎತ್ತಿ ಹಿಡಿದರು. ಅದರ ಹೆಸರು ಸಾಕ್ಷಿ ಹನಿ. ರೋಗಿಗೆ ಚುಚ್ಚುವ ಮುನ್ನ ಅದೇ ಸೀಸೆಯಿಂದ ಒಂದು ತೊಟ್ಟನ್ನು ಕೂದಲಿನಷ್ಟು ಸಣ್ಣ ನಳಿಕೆಗೆ ತುಂಬಿ, ರೋಗಿಯ ಚರ್ಮದ ಮೇಲೆ ಪಟ್ಟಿ ಹಾಕಿ ಅಂಟಿಸುತ್ತಾರೆ. ಬೆಳಕು ಬಿದ್ದಾಗ ನಳಿಕೆಯೊಳಗಿನ ಹನಿ ಸದ್ದು ಮಾಡಿದರೆ ಸೀಸೆಯ ಔಷಧ ಚೆನ್ನಾಗಿದೆ ಎಂದರ್ಥ. ಆಗ ಕಂಕುಳಿನ ಮೌನ ಪ್ರಾಮಾಣಿಕ ಮೌನ. ನಳಿಕೆಯೇ ಸುಮ್ಮನಿದ್ದರೆ ಆ ಪರೀಕ್ಷೆಯನ್ನು ರದ್ದು ಮಾಡಬೇಕು.

ಡಾಕ್ಟರು ತೆರೆಯನ್ನು ಅವನತ್ತ ತಿರುಗಿಸಿದರು. ಈಜಿನ ಮೇಡಂ ಅವರ ಕಂಕುಳಿನ ಚಿತ್ರ ಕತ್ತಲೆಯಂತೆ ಕಪ್ಪಾಗಿತ್ತು. ಅಂಚಿನಲ್ಲಿ ನಳಿಕೆಯ ಚುಕ್ಕಿ ಮಾತ್ರ ನಕ್ಷತ್ರದಂತೆ ಬೆಳಗುತ್ತಿತ್ತು.

"ಸಾಕ್ಷಿ ಮಾತಾಡಿದೆ, ನೋಡಿ. ಆವತ್ತು ಅವರಿಗೆ ಏನೂ ಇರಲಿಲ್ಲ. ಆಮೇಲೆ ಬಂದಿದ್ರೆ ವಿಜ್ಞಾನ ಏನು ಮಾಡಬೇಕು ಹೇಳಿ?"

ಆ ಬೆಳಗಿನ ರೋಗಿಯ ಚಿತ್ರವನ್ನೂ ತೋರಿಸಿ ಎಂದು ಪತ್ತೇದಾರ ಕೇಳಿದ. ಅದರಲ್ಲೂ ಅಂಚಿನ ಚುಕ್ಕಿ ಥಳಥಳಿಸುತ್ತಿತ್ತು.

ಪತ್ತೇದಾರ ಅದನ್ನೂ ನೋಡಿದ, ಮೇಜಿನ ಮೇಲಿನ ನೊರೆಯನ್ನೂ ನೋಡಿದ. ಈ ಸೀಸೆಯ ಹನಿಗಳೆಲ್ಲ ಸತ್ತು ತೇಲುತ್ತಿರುವಾಗ, ಇದೇ ಸೀಸೆಯಿಂದ ತೆಗೆದ ಸಾಕ್ಷಿ ಅಷ್ಟು ಗಟ್ಟಿಯಾಗಿ ಮಾತನಾಡಿದ್ದು ಹೇಗೆ? ಬಾಯಿಗೆ ಬಂದ ಪ್ರಶ್ನೆಯನ್ನು ಅವನು ನುಂಗಿಕೊಂಡ. ನೊರೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದಷ್ಟೇ ವಿಚಾರಿಸಿದ.

"ಸಂಜೆ ಹೊತ್ತಿಗೆ ಕರಗಿ ಹೋಗುತ್ತೆ," ಎಂದರು ಡಾಕ್ಟರು, ಮೊದಲ ಬಾರಿಗೆ ನಗುತ್ತ. "ಆಮೇಲೆ ಅದು ಸ್ವಲ್ಪ ಬಣ್ಣದ ನೀರು. ಯಾರಿಗೂ ಏನೂ ಹೇಳಲ್ಲ."

ಜೇಬಿನಲ್ಲಿ ಫೋನು ಗುರುಗುಟ್ಟಿತು. ಅಮ್ಮ. ಬೆಳಗ್ಗೆಯೂ ಅವರು ಕರೆ ಮಾಡಿದ್ದರು. ಆಮೇಲೆ ಮಾತನಾಡಿದರಾಯಿತು ಎಂದುಕೊಂಡು ಅವನು ಅದರ ಬಾಯಿ ಮುಚ್ಚಿಸಿದ, ಎರಡೂ ಸೀಸೆಗಳನ್ನು ಜೇಬಿಗೆ ಸೇರಿಸಿ ಎದ್ದ.

ಇನ್ನು ಉಳಿದದ್ದು ಚಿತ್ರಕೋಣೆ. ತನಿಖೆ ಆರಂಭವಾದ ದಿನದಿಂದ ಪತ್ತೇದಾರ ಇಡೀ ಆಸ್ಪತ್ರೆಯನ್ನು ಸುತ್ತಿದ್ದ. ಔಷಧದ ಉಗ್ರಾಣ ನೋಡಿದ್ದ, ಶೀತಪೆಟ್ಟಿಗೆಯ ಎಚ್ಚರಿಕೆಯ ಗಂಟೆ ಒಮ್ಮೆಯೂ ಹೊಡೆದುಕೊಂಡಿಲ್ಲವೆಂದು ಖಚಿತಪಡಿಸಿಕೊಂಡಿದ್ದ, ಶಸ್ತ್ರವೈದ್ಯರನ್ನು ಕೆದಕಿದ್ದ. ಚಿತ್ರಕೋಣೆಯ ಹೊಸ್ತಿಲನ್ನು ಮಾತ್ರ ದಾಟಿರಲಿಲ್ಲ. ಏನೇನೋ ನೆಪ ಹೇಳಿಕೊಂಡು ಮುಂದೂಡಿದ್ದ. ಏಕೆಂದರೆ ಆ ಕೋಣೆಯ ಹಿರಿಯ ದಾದಿ ಅವನ ಸ್ವಂತ ಅಕ್ಕ.

ಈ ವಿಷಯವನ್ನು ಅವನು ಈಜಿನ ಮೇಡಂಗೆ ಹೇಳಿರಲಿಲ್ಲ. ಹೇಳಬೇಕೆಂದು ನಾಲಿಗೆಯ ತುದಿಗೆ ಬಂದಾಗಲೆಲ್ಲ, ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಸತ್ಯವನ್ನು ಹುಡುಕಿಕೊಡುತ್ತೇನೆಂದು ಮಾತು ಕೊಟ್ಟವನೇ ಸತ್ಯವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದರೆ ಅದನ್ನು ಏನೆಂದು ಕರೆಯಬೇಕು? ಶಾಲೆಯ ಮಗುವನ್ನು ಕೇಳಿ, ಥಟ್ಟನೆ ಹೇಳುತ್ತದೆ. ಪತ್ತೇದಾರನಿಗೂ ಆ ಪದ ಗೊತ್ತಿತ್ತು. ಆದ್ದರಿಂದಲೇ ಮೆಟ್ಟಿಲಿಳಿಯುವಾಗ ಅವನ ತಲೆ ತಗ್ಗಿತ್ತು.

ಚಿತ್ರಕೋಣೆಯ ಬಾಗಿಲ ಮೇಲಿನ ಕೆಂಪು ದೀಪ ಆರಿತ್ತು. ಒಳಗೆ ಗೋಡೆಗಳಿಗೆ ಕಪ್ಪು ಬಣ್ಣ. ಲೇಸರ್ ಬೆಳಕಿನಿಂದ ಕಣ್ಣು ಕಾಯುವ ಕನ್ನಡಕಗಳು ಮೊಳೆಗಳಿಗೆ ಸಾಲಾಗಿ ತೂಗುತ್ತಿದ್ದವು. ಮಂಚದ ಮೇಲೆ ಹೊಸ ಹಾಸು. ಮಧ್ಯಾಹ್ನದ ರೋಗಿಗೆ ಎಲ್ಲವೂ ಸಜ್ಜಾಗಿತ್ತು.

ಅಕ್ಕ ಹೊದಿಕೆ ಮಡಚುತ್ತಿದ್ದಳು. ಆಸ್ಪತ್ರೆಯವರೆಲ್ಲ ಅವಳನ್ನು ಬಿಸಿಲಕ್ಕ ಎನ್ನುತ್ತಿದ್ದರು. ಅವಳ ಕೈಗೆ ಸಿಕ್ಕ ರೋಗಿ ಚಳಿಯಿಂದ ನಡುಗಿದ್ದನ್ನು ಯಾರೂ ಕಂಡವರಿಲ್ಲ. ಹೊದಿಕೆಯನ್ನು ಕಾಯಿಸಿ ಹೊದಿಸುವಳು. ಚರ್ಮಕ್ಕೆ ಸವರುವ ಜೆಲ್ಲಿಯನ್ನು ಕಾಯಿಸಿ ಸವರುವಳು. ಸ್ಟೆತಾಸ್ಕೋಪನ್ನು ಸಹ ಅಂಗೈಯಲ್ಲಿ ಉಜ್ಜಿ ಡಾಕ್ಟರ ಕೈಗೆ ಕೊಡುವಳು.

"ಕೊನೆಗೂ ದಾರಿ ಗೊತ್ತಾಯ್ತಾ ಸಾಹೇಬರಿಗೆ?" ಎಂದಳು. "ಊಟ ಆಯ್ತಾ? ಮುಖ ಯಾಕೋ ಸೊಪ್ಪಾಗಿದೆ."

ಮೂಲೆಯ ಕಟ್ಟೆಯ ಮೇಲಿದ್ದ ಉಕ್ಕಿನ ಪೆಟ್ಟಿಗೆಯೊಂದು ಪತ್ತೇದಾರನ ಕಣ್ಣನ್ನು ಹಿಡಿದು ನಿಲ್ಲಿಸಿತ್ತು. ಜೆಲ್ಲಿ ಬಿಸಿಮಾಡುವ ಪೆಟ್ಟಿಗೆ. ಅವನು ಮುಚ್ಚಳ ತೆರೆದ. ಜೆಲ್ಲಿಯ ಬಾಟಲಿಗಳ ನಡುವೆ, ಎಲ್ಲಕ್ಕಿಂತ ಬಿಸಿಯಾದ ತಳದಲ್ಲಿ, ಮಗುವಿನ ಉಣ್ಣೆಯ ಕಾಲುಚೀಲ ತೊಟ್ಟ ಒಂದು ಪುಟ್ಟ ಸೀಸೆ ನಿದ್ದೆ ಹೋಗಿತ್ತು.

ಪತ್ತೇದಾರ ಅದರತ್ತ ಕೈ ಚಾಚಿದ.

"ಇದ್ಯಾಕಕ್ಕ ಇಲ್ಲಿದೆ?"

"ಮಧ್ಯಾಹ್ನದವರಿಗೆ. ಮುಟ್ಟಬೇಡ, ಆರಿಹೋಗುತ್ತೆ," ಎಂದಳು ಅಕ್ಕ, ಹೊದಿಕೆಯಿಂದ ಕಣ್ಣೆತ್ತದೆ. ಶೀತಪೆಟ್ಟಿಗೆಯಿಂದ ಬಂದದ್ದನ್ನು ಹಾಗೆಯೇ ಚುಚ್ಚಿದರೆ ತೋಳಿಗೆ ತೋಳೇ ಸೆಳೆದು ಹೋಗುತ್ತದೆಂದೂ, ಈ ಆಸ್ಪತ್ರೆಯಲ್ಲಿ ರಕ್ತವಾಗಲಿ ಗ್ಲೂಕೋಸಾಗಲಿ ಬಿಸಿಮಾಡದೆ ಕೊಡುವವರು ದಾದಿಯರೇ ಅಲ್ಲವೆಂದೂ ಹೇಳಿದಳು. ಬೇರೆ ಔಷಧಗಳ ಮಟ್ಟಿಗೆ ಆ ಮಾತು ನಿಜವೂ ಆಗಿತ್ತು. ಕಡೆಯ ದಿನಗಳಲ್ಲಿ ಅಪ್ಪ ತಣ್ಣನೆಯ ಗ್ಲೂಕೋಸ್ ನೀರು ಏರಿದ ಕೈಯನ್ನು ಅವಳ ಕೆನ್ನೆಗೆ ಒತ್ತಿಕೊಂಡು ಬಿಸಿಮಾಡಿಕೊಳ್ಳುತ್ತಿದ್ದರು. ಆಮೇಲೆ ಅವಳು ಯಾರ ಕೈಯನ್ನೂ ತಣ್ಣಗಾಗಲು ಬಿಟ್ಟಿರಲಿಲ್ಲ.

ಪತ್ತೇದಾರ ಜೇಬಿನಿಂದ ತನ್ನ ಎರಡು ಸೀಸೆಗಳನ್ನು ತೆಗೆದು ಕಟ್ಟೆಯ ಮೇಲಿಟ್ಟ. ಪೆಟ್ಟಿಗೆಯ ಸೀಸೆಯ ಕಾಲುಚೀಲವನ್ನು ಬಿಚ್ಚಿ ಅವುಗಳ ಪಕ್ಕದಲ್ಲಿ ನಿಲ್ಲಿಸಿದ. ಒಂದರಲ್ಲಿ ತಳಕ್ಕೆ ಕುಳಿತ ನೇರಳೆ. ಎರಡರಲ್ಲಿ ತೇಲುವ ಬಿಳಿ ಉಂಗುರ.

ಹನಿ ಮುಳುಗುತ್ತದೆ, ಗುಳ್ಳೆ ತೇಲುತ್ತದೆ ಎಂದು ಅವನು ಹೇಳಿದ. ಹೆಚ್ಚು ಹೇಳಬೇಕಾಗಿ ಬರಲಿಲ್ಲ. ಎಷ್ಟೋ ವರ್ಷ ರೋಗಿಗಳ ಮುಖ ಓದಿದ ಹೆಂಗಸಿಗೆ ತಮ್ಮನ ಮುಖ ಓದುವುದು ಕಷ್ಟವೇ?

ಅವಳ ಕೈಯಲ್ಲಿದ್ದ ಹೊದಿಕೆ ಜಾರಿತು. ಅದನ್ನು ಎತ್ತಿಕೊಳ್ಳಲೆಂದು ಬಗ್ಗಿದವಳು ಬಹಳ ಹೊತ್ತು ಮೇಲೇಳಲಿಲ್ಲ. ಎದ್ದಾಗ ಮುಖ ಕಿವಿಯ ತುದಿಯವರೆಗೂ ಕೆಂಪಾಗಿತ್ತು. ತಪ್ಪು ಮಾಡಿ ಸಿಕ್ಕಿಬಿದ್ದವರ ಮುಖವನ್ನು ಪತ್ತೇದಾರ ತನ್ನ ವೃತ್ತಿಯಲ್ಲಿ ಬೇಕಾದಷ್ಟು ಕಂಡಿದ್ದ. ಒಳ್ಳೆಯದು ಮಾಡಿ ಸಿಕ್ಕಿಬಿದ್ದವರ ಮುಖವನ್ನು ಕಂಡಿರಲಿಲ್ಲ. ಅವನು ಗೋಡೆಯತ್ತ ನೋಡಿದ.

"ನೊರೆ ನೋಡಿದ್ದೆ," ಎಂದಳು ಅಕ್ಕ ಮೆಲ್ಲಗೆ. "ನನ್ನ ಕೈ ಅಲುಗಾಡಿ ಬಂದಿರಬೇಕು ಅಂದ್ಕೊಂಡೆ. ಈಜಿನ ಮೇಡಂಗೂ... ಅಯ್ಯೋ, ಅವರು ನನ್ನ ಕೈ ಹಿಡ್ಕೊಂಡು ಹೇಳಿದ್ರು, ಇಷ್ಟು ಬೆಚ್ಚಗಿನ ಸೂಜಿ ಜನ್ಮದಲ್ಲೇ ಕಂಡಿಲ್ಲ ಅಂತ."

ಮುಂದಿನ ಪ್ರಶ್ನೆ ಪತ್ತೇದಾರನಿಗೆ ಬೇಡವಾಗಿತ್ತು. ಆದರೂ ಕೇಳಬೇಕಿತ್ತು. ಸಾಕ್ಷಿ ನಳಿಕೆಯನ್ನು ಯಾರು ತುಂಬುತ್ತಾರೆ?

ಮೊದಲು ತಾನೇ ತುಂಬುತ್ತಿದ್ದೆ ಎಂದಳು ಅಕ್ಕ. ಬಿಸಿಮಾಡಿದ ಅದೇ ಸೀಸೆಯಿಂದ, ಚುಚ್ಚುವ ಮುಂಚೆ. ಪರೀಕ್ಷೆ ಶುರುವಾದ ಮೊದಲ ದಿನವೇ, ಗಡಿಯಾರ ರಿಪೇರಿ ಮಾಡುವ ಒಬ್ಬ ಮುದುಕರ ಸರದಿಯಲ್ಲಿ, ನಳಿಕೆ ಸದ್ದೇ ಮಾಡಲಿಲ್ಲ. ಆಮೇಲೆ ಬಂದವರ ಸರದಿಯಲ್ಲೂ ಅದೇ ಕತೆ. ಅವಳು ಹೋಗಿ ಹನಿ ಡಾಕ್ಟರನ್ನು ಕರೆತಂದಳು. ಅವರು ತೆರೆಯ ಮುಂದೆ ಗಲ್ಲಕ್ಕೆ ಕೈಯಿಟ್ಟು ನಿಂತೇ ಇದ್ದರು. ರದ್ದಾದ ಪರೀಕ್ಷೆಗಳು ಹೆಚ್ಚಾದರೆ ಈ ಹೊಸ ಔಷಧದ ಪ್ರಯೋಗವನ್ನೇ ನಿಲ್ಲಿಸಿಬಿಡುತ್ತಾರೆ ಎಂದು ತಮ್ಮಷ್ಟಕ್ಕೆ ಗೊಣಗಿಕೊಂಡರು. ಮಾರನೆಯ ದಿನದಿಂದ ನಳಿಕೆ ಮೇಲಿನ ಪ್ರಯೋಗಾಲಯದಲ್ಲೇ ತುಂಬಿ, ಮೊಹರಾಗಿ, ಶೀತದಲ್ಲಿ ಬರತೊಡಗಿತು.

"ನಿಮಗೆ ಕೆಲಸ ಕಡಿಮೆಯಾಗಲಿ ಸಿಸ್ಟರ್ ಅಂದ್ರು. ನಾನು ಥ್ಯಾಂಕ್ಸ್ ಹೇಳ್ದೆ," ಎಂದಳು ಅಕ್ಕ. ಸ್ವಲ್ಪ ತಡೆದು, "ಥ್ಯಾಂಕ್ಸ್ ಹೇಳ್ದೆ," ಎಂದು ಮತ್ತೊಮ್ಮೆ ಅಂದಳು, ಆ ಮಾತು ತನ್ನ ಬಾಯಿಂದಲೇ ಬಂದಿತ್ತೇ ಎಂಬಂತೆ.

ಅಂದರೆ ಅಂದಿನಿಂದ ಇಂದಿನವರೆಗೆ ಸಾಕ್ಷಿ ಬಂದದ್ದು ಬೇರೆ ಸೀಸೆಯಿಂದ. ರೋಗಿಯ ದೇಹಕ್ಕೆ ಹೋದದ್ದನ್ನು ಅದು ಕಂಡೇ ಇರಲಿಲ್ಲ. ಕೂಗು ಎಂದಲ್ಲಿ ಕೂಗುತ್ತಿತ್ತು, ಅಷ್ಟೆ. ಹನಿಗಳು ಎಲ್ಲಿ, ಹೇಗೆ ಸಾಯುತ್ತಿವೆ ಎಂದು ಹುಡುಕುವ ಕಷ್ಟವನ್ನು ಒಬ್ಬ ವಿದ್ಯಾವಂತ ತೆಗೆದುಕೊಳ್ಳಲಿಲ್ಲ. ನಿಜ ಹೇಳುವ ಸಾಕ್ಷಿಯನ್ನು ಬದಲಿಸಿಬಿಟ್ಟ. ಅಂದು ಇಲ್ಲಿಗೆ ಬಂದಾಗ ಒಂದು ಸಲ ಈ ಪೆಟ್ಟಿಗೆಯ ಮುಚ್ಚಳ ತೆರೆದಿದ್ದರೆ ಸಾಕಿತ್ತು.

"ಮುಗೀತಾ ವಿಚಾರಣೆ?"

ಹನಿ ಡಾಕ್ಟರು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಅವರು ಒಳಗೆ ಬಂದು ಬಾಗಿಲು ಮುಂದೆ ಮಾಡಿದರು, ರೇಗಲಿಲ್ಲ. ಹಿರಿಯಣ್ಣನ ದನಿಯಲ್ಲಿ ಮಾತನಾಡಿದರು. ನಳಿಕೆಯಲ್ಲೇ ದೋಷವಿದೆ ಎಂದು ತಾವು ಪ್ರಾಮಾಣಿಕವಾಗಿ ಭಾವಿಸಿದ್ದಾಗಿ ಹೇಳಿದರು. ನಾಳೆಯಿಂದ ಸೀಸೆಯನ್ನು ಶೀತದಲ್ಲೇ ಇಡಬೇಕೆಂದು ಸೂಚನೆ ಕೊಡುವುದಾಗಿಯೂ, ಇನ್ನು ಯಾರಿಗೂ ತೊಂದರೆಯಾಗುವುದಿಲ್ಲವೆಂದೂ ಹೇಳಿದರು.

"ಔಷಧ ಕಾಯಿಸಿದ್ದು ನಿಮ್ಮಕ್ಕ. ಅದನ್ನ ನಾನು ಹೇಳಲ್ಲ," ಎಂದರು. "ನಳಿಕೆ ವಿಷಯ ನೀವು ಹೇಳಬೇಡಿ. ಅಲ್ಲಿಗೆ ಸರಿಹೋಯ್ತು."

"ಆಗಲೇ ಚಿತ್ರ ತೆಗೆಸಿಕೊಂಡು ಹೋದವರು?"

"ಅವರೆಲ್ಲ ನೆಮ್ಮದಿಯಾಗಿದಾರೆ. ಯಾಕೆ ಕದಡ್ತೀರಿ?"

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಪತ್ತೇದಾರ ಆ ಕ್ಷಣವೇ ಸಿಡಿದೇಳಲಿಲ್ಲ. ಅಕ್ಕನ ಸಮವಸ್ತ್ರವನ್ನು ನೋಡಿದ. ಕೊರಳಲ್ಲಿ ತೂಗುತ್ತಿದ್ದ ಗುರುತಿನ ಚೀಟಿಯನ್ನು ನೋಡಿದ. ಬಿಸಿಲಕ್ಕ ಎಂದು ಕರೆದ ಬಾಯಿಗಳೇ ನಾಳೆ ಏನೆಂದು ಕರೆಯುತ್ತವೆ ಎಂದು ಲೆಕ್ಕ ಹಾಕಿದ. ಡಾಕ್ಟರ ಮಾತಿನಲ್ಲಿ ನ್ಯಾಯವಿರಬಹುದೇ ಎಂದು ತೂಗಿ ನೋಡಿದ. ಹಾಗೆ ತೂಗುತ್ತಿರುವುದು ಅವನ ಅರಿವಿಗೇ ಬಂದಾಗ, ನೆಲ ಬಾಯ್ದೆರೆದರೆ ಒಳಗೆ ಹೋಗಿಬಿಡೋಣ ಎನ್ನಿಸಿತು.

"ಮುಚ್ಚಿಡೋದು ಬೇಡ," ಎಂದಳು ಅಕ್ಕ. ಡಾಕ್ಟರತ್ತ ಅವಳು ತಿರುಗಲೂ ಇಲ್ಲ. ತಮ್ಮನ ತೋಳನ್ನು ಹಿಡಿದಿದ್ದಳು. ಸದಾ ಬೆಚ್ಚಗಿರುವ ಆ ಕೈ ತಣ್ಣಗಿತ್ತು. "ನಳಿಕೆ ಮೇಲಿಂದ ಬರೋಕೆ ಶುರುವಾದ ಮೇಲೆ... ಅಮ್ಮನ್ನ ಪರೀಕ್ಷೆಗೆ ನಾನೇ ಕರ್ಕೊಂಡು ಬಂದೆ ಅಲ್ವಾ? ಈ ಮಂಚದ ಮೇಲೇ. ಅಮ್ಮನಿಗೆ ಚಳಿ ಆಗಬಾರದು ಅಂತ ಅವತ್ತು ಇನ್ನೂ ಸ್ವಲ್ಪ ಹೊತ್ತು ಕಾಯಿಸಿದ್ದೆ."

ಅದೇ ವೇಳೆಗೆ ಪತ್ತೇದಾರನ ಜೇಬು ಮತ್ತೆ ಗುರುಗುಟ್ಟಿತು.

ಅವನು ಈ ಬಾರಿ ಫೋನನ್ನು ಕಿವಿಗಿಟ್ಟ. ಕಪ್ಪು ಗೋಡೆಗಳ ಆ ಕೋಣೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ, ಅತ್ತಲಿನ ಮುದಿ ದನಿ ಮೂವರಿಗೂ ಕೇಳಿಸಿತು.

"ಬೆಳಗಿಂದ ಮಾಡ್ತಿದೀನಿ, ಎತ್ತಲ್ಲ ನೀನು," ಎಂದರು ಅಮ್ಮ. "ಗಾಬರಿ ಏನಿಲ್ಲ. ಸ್ನಾನ ಮಾಡುವಾಗ ಕಂಕುಳಲ್ಲಿ ಏನೋ ಕೈಗೆ ಸಿಕ್ತು. ಬಟಾಣಿ ಕಾಳಷ್ಟು. ಅಲ್ಲಿ ಏನೂ ಇಲ್ಲ ಅಂತ ಅಷ್ಟು ದೊಡ್ಡ ಯಂತ್ರದಲ್ಲೇ ಹೇಳಿದಾರಲ್ಲ, ಏನೂ ಇರಲ್ಲ ಬಿಡು. ಸುಮ್ನೆ ನಿನ್ನ ಕಿವಿಗೆ ಹಾಕಿದೆ. ಅಕ್ಕನಿಗೆ ಮಾತ್ರ ಹೇಳಬೇಡ. ಅವಳೇ ನಿಂತು ಮಾಡಿಸಿದ್ದು, ಪಾಪ, ಮನಸ್ಸಿಗೆ ಹಚ್ಕೋತಾಳೆ."

ಅಕ್ಕ ಬಾಯಿಗೆ ಸೆರಗಿನಂತೆ ಆ ಹೊದಿಕೆಯನ್ನು ಒತ್ತಿಕೊಂಡಿದ್ದಳು. ಡಾಕ್ಟರು ಕಟ್ಟೆಯತ್ತ ಒಂದು ಹೆಜ್ಜೆ ಇಟ್ಟು, ಅಂಗೈ ಚಾಚಿದರು.

"ಸೀಸೆ ಕೊಟ್ಟುಬಿಡಿ. ನಿಮ್ಮ ತಾಯಿಯವರನ್ನ ನಾಳೆನೇ ನಾನು ನೋಡ್ತೀನಿ. ಅವರೊಬ್ಬರನ್ನ, ಸದ್ದಿಲ್ಲದ ಹಾಗೆ."

"ಹಲೋ? ಇದೀಯಾ?" ಎನ್ನುತ್ತಿತ್ತು ಫೋನಿನೊಳಗಿನ ದನಿ.

ಪತ್ತೇದಾರ ಸೀಸೆಗಳತ್ತ ನೋಡುತ್ತಿದ್ದಾನೆ. ಕಟ್ಟೆಯ ಮೇಲೆ, ಕಸದಿಂದ ಹೆಕ್ಕಿದ ಸೀಸೆಯ ಗಾಜಿಗಂಟಿದ ಬಿಳಿ ಉಂಗುರ ಬೆಳಗ್ಗೆ ಇದ್ದಷ್ಟು ದಪ್ಪವಿಲ್ಲ. ಒಂದು ಕಡೆ ಆಗಲೇ ಹರಿದಿದೆ.

ಓದುಗರೇ, ಅವನು ಏನು ಮಾಡುತ್ತಾನೋ ನೋಡೋಣ ಎಂದು ನೀವು ಕೈಕಟ್ಟಿ ಕುಳಿತುಕೊಳ್ಳಬೇಡಿ. ಯಾರೋ "ಏನೂ ಇಲ್ಲ" ಎಂದರೆಂದು ನಿಮ್ಮ ಮನೆಯಲ್ಲೂ ಯಾರಾದರೂ ನೆಮ್ಮದಿಯಿಂದಿದ್ದರೆ, ಈ ಪುಟವನ್ನು ಕೆಳಗಿಡಿ, ಎದ್ದು ಹೋಗಿ, ಹೇಳಿದವರ ಮುಖಕ್ಕೆ ಮುಖ ಕೊಟ್ಟು ಒಂದೇ ಒಂದು ಪ್ರಶ್ನೆ ಕೇಳಿ: ಸಾಕ್ಷಿಯನ್ನು ಯಾವ ಸೀಸೆಯಿಂದ ತೆಗೆದಿರಿ?